ಸವಳಿನ ಅಂಚು

ಸವಳು ನೆಲದ ಅಂಚು ಕಣ್ಣಿಗೆ ಸಿಗುವ ಮೊದಲು ಕಾಲಿಗೆ ಸಿಗುತ್ತದೆ. ಎರಿಹಾಳದ ಫಕೀರಪ್ಪನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹದಿನಾರು ವರ್ಷ ಆ ಅಂಚಿನ ಗುಂಟ ಬರಿಗಾಲಲ್ಲಿ ನಡೆದು ಅವನ ಅಂಗಾಲೇ ಕಲಿತದ್ದು. ಒಳ್ಳೆಯ ಎರಿಮಣ್ಣು ಬೆಳಗಿನ ಹೊತ್ತು ತಣ್ಣಗೆ, ಗಟ್ಟಿಯಾಗಿ ಹೆಜ್ಜೆಯನ್ನು ತಡೆದು ನಿಲ್ಲುತ್ತದೆ. ಸವಳು ಹತ್ತಿದ ಮಣ್ಣು ಹಾಗಲ್ಲ. ಮೇಲೆ ಇನ್ನೂ ಕಪ್ಪಗೇ ಇರುವಾಗಲೇ ಒಳಗೊಳಗೆ ಉಬ್ಬಿ, ಕಾಲಿಟ್ಟರೆ ಹುರಿದ ಹಿಟ್ಟಿನಂತೆ ಕುಸಿಯುತ್ತದೆ. ಬಿಳಿಯ ಉಪ್ಪು ಮೇಲೆ ಅರಳುವುದು ಅದಾಗಿ ಇಪ್ಪತ್ತು ದಿನಕ್ಕೆ. ಹಾರುವ ಕ್ಯಾಮೆರಾಗಳಿಗೆ ಅಂಚು ಕಾಣುತ್ತಿದ್ದದ್ದು ಆ ಇಪ್ಪತ್ತು ದಿನ ತಡವಾಗಿಯೇ. ಅದಕ್ಕೇ ನೆಲರಕ್ಷಣಾ ಮಂಡಳಿಯ ಕೇಂದ್ರಕ್ಕೆ ಎಂತೆಂಥ ಯಂತ್ರಗಳು ಬಂದರೂ ಫಕೀರಪ್ಪನ ಕೆಲಸಕ್ಕೆ ಸಂಚಕಾರ ಬಂದಿರಲಿಲ್ಲ.

ಕೆಲಸವೆಂದರೆ ಹತ್ತು ದಿನಕ್ಕೊಮ್ಮೆ ಎಪ್ಪತ್ತು ಗೂಟಗಳನ್ನು ಕಿತ್ತು, ಅಂಚು ಎಲ್ಲಿಗೆ ಬಂದಿದೆಯೋ ಅಲ್ಲಿ ಮತ್ತೆ ಊರುವುದು. ಗೂಟದ ತಲೆಯಲ್ಲಿ ಕಡಲೆಕಾಳಿನಷ್ಟು ಯಂತ್ರವಿತ್ತು. ತಾನು ಎಲ್ಲಿದ್ದೇನೆಂದು ಅದು ಕೇಂದ್ರಕ್ಕೆ ತಿಳಿಸಿದರೆ, ಗೋಡೆಯ ಪರದೆಯ ಮೇಲೆ ಎಪ್ಪತ್ತು ಚುಕ್ಕೆ ಕೂಡಿ ಒಂದು ಗೆರೆಯಾಗುತ್ತಿತ್ತು. ಗೆರೆಯ ಈಚೆ ಸವಳು. ಆಚೆ ಮುನ್ನೂರು ಹೆಜ್ಜೆಗೆ ಊರಿನ ಸೀನೀರಿನ ಬಾವಿ.

ಕಾಲುವೆ ಬಂದು ನೂರು ವರ್ಷದ ಮೇಲಾಗಿತ್ತು. ಮೊದಲ ಎರಡು ತಲೆಮಾರಿನವರು ಹೊಲಕ್ಕೆ ನೀರು ಬಿಟ್ಟಿದ್ದೇ ಬಿಟ್ಟಿದ್ದು. ನೆಲದೊಳಗೆ ಮಲಗಿದ್ದ ಉಪ್ಪು ಆ ನೀರಿನ ಹೆಗಲೇರಿ ಮೇಲೆ ಬಂತು. ಮೂರನೆಯ ತಲೆಮಾರಿನ ಕಾಲಕ್ಕೆ ಮಂಡಳಿ ಬಂತು, ಮಂಡಳಿಯ ಜೊತೆ ಒಂದು ನಿಯಮವೂ ಬಂತು: ಸವಳು ಎರಡು ವರ್ಷದೊಳಗೆ ಕುಡಿಯುವ ಬಾವಿಯನ್ನು ಮುಟ್ಟುವುದೆಂದು ಸಮೀಕರಣ ಹೇಳಿದರೆ ಆ ಊರನ್ನು ಎತ್ತಬೇಕು. ಎತ್ತುವುದೆಂದರೆ ಓಣಿಗೊಂದು ಕಡೆ, ಮನೆಗೊಂದು ಕಡೆ, ದೂರದ ಸಾಲುಮನೆಗಳಲ್ಲಿ ಜನರನ್ನು ಹಂಚಿಹಾಕುವುದು. ಹಾಗೆ ಇಪ್ಪತ್ತಮೂರು ಊರು ಎದ್ದುಹೋಗಿದ್ದವು. ಎರಿಹಾಳ ಇಪ್ಪತ್ತನಾಲ್ಕನೆಯದಾಗುತ್ತದೋ ಇಲ್ಲವೋ ಎಂದು ಹೇಳಬೇಕಾದವಳು ಕೇಂದ್ರದ ವಿಜ್ಞಾನಿ ಇಂದುಮತಿ.

ತುಮಕೂರು ಕಡೆಯ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಅವಳು ತಂದದ್ದು ಹೊಸ ಪದ್ಧತಿ. ಒಂದು ದಿನ ಗೂಟ ಊರಿ ಬಂದ ಫಕೀರಪ್ಪನನ್ನು ಪರದೆಯ ಮುಂದೆ ಕೂರಿಸಿಕೊಂಡು ಹೇಳಿದಳು:

"ಹಿಂದೆಲ್ಲ ನಮ್ಮವರು ಮೊದಲು ಸಮೀಕರಣ ಊಹಿಸೋರು, ಆಮೇಲೆ ನೆಲಾನ ಅದಕ್ಕೆ ಒಗ್ಗಿಸೋರು. ನಾನು ಗೆರೆಯ ಆಕಾರ ಮಾತ್ರ ನೋಡ್ತೀನಿ, ಫಕೀರಪ್ಪನವರೇ. ಅಂಚು ಎಲ್ಲಿ ಎಷ್ಟು ಬಾಗಿದೆ? ಆ ಬಾಗು ಹತ್ತು ದಿನದಲ್ಲಿ ಹೇಗೆ ಬದಲಾಯ್ತು? ಇಷ್ಟು ತಿಳಿದ್ರೆ ಸಾಕು, ಸಮೀಕರಣ ತಾನೇ ಬಿಚ್ಚಿಕೊಳ್ಳುತ್ತೆ. ಅದರಲ್ಲಿ ಮೂರು ಭಾಗ. ಹರಿಯೋ ನೀರು ಉಪ್ಪನ್ನ ಹೊತ್ಕೊಂಡು ಹೋಗೋದು ಒಂದು. ಉಪ್ಪು ಹೆಚ್ಚಿದ್ದ ಕಡೆಯಿಂದ ಕಡಿಮೆ ಇರೋ ಕಡೆಗೆ ತಾನೇ ಹರಡೋದು ಇನ್ನೊಂದು. ನಿಂತಲ್ಲೇ ಉಪ್ಪು ಹುಟ್ಟೋದು, ಇಲ್ಲಾ ಕಳೆದುಹೋಗೋದು ಮೂರನೇದು."

"ಮೂರೂ ಬ್ಯಾರೆ ಬ್ಯಾರೆ ಕೆಲಸ ಮಾಡ್ತಾವೇನ್ರಿ?"

"ಅದೇ ತೊಡಕು. ಒಂದರ ಕೈ ಇನ್ನೊಂದರ ಹೆಗಲ ಮೇಲೆ. ಉಪ್ಪು ಜಾಸ್ತಿ ಆದ್ರೆ ಮಣ್ಣು ಬಿಗಿಯುತ್ತೆ, ಆಗ ನೀರಿನ ನಡಿಗೆಯೇ ಬದಲಾಗುತ್ತೆ. ಎರಡು ಪಾಲು ಉಪ್ಪು ಎರಡು ಪಾಲು ವೇಗ ಅನ್ನೋ ಸರಳ ಲೆಕ್ಕ ಇಲ್ಲಿ ನಡೆಯಲ್ಲ. ಆದರೂ ಅದೆಲ್ಲ ಅಂಚಿನ ಆಕಾರದಲ್ಲಿ ಬರೆದಿರುತ್ತೆ."

ಆ ಸಂಜೆ ಒಲೆಯ ಮುಂದೆ ಕೂತು ಫಕೀರಪ್ಪ ಇದನ್ನೆಲ್ಲ ಹೆಂಡತಿ ನಿಂಬೆವ್ವನಿಗೆ ತಿಳಿಸಿಹೇಳಲು ನೋಡಿದ. ನಿಂಬೆವ್ವ ರೊಟ್ಟಿ ಬಡಿಯುತ್ತಿದ್ದಳು. ಕೇಳಿ ಮುಗಿಸಿ, ಕೈ ನಿಲ್ಲಿಸದೆ ಅಂದಳು:

"ಅಂಚು ನೋಡಿ ಹಿಟ್ಟಿನ ಹಣೇಬಾರ ಹೇಳಾಕ ಅಷ್ಟು ದೊಡ್ಡ ಸಾಲಿ ಕಲೀಬೇಕೇನ್ರಿ? ಇಲ್ಲಿ ನೋಡ್ರಿ, ಅಂಚು ಸೀಳೇತಿ. ಅಂದ್ರ ನಾದಿದ್ದು ಸಾಲಲಿಲ್ಲ. ಇಲ್ಲಿ ಅಲಗಿನಂಗ ತೆಳ್ಳಗಾಗೇತಿ, ಅಂದ್ರ ನೀರು ಹೆಚ್ಚಾತು. ನಿಮ್ಮ ಅಕ್ಕಾರನ ಒಂದಿನ ನನ್ನ ಕೈಯಾಗ ರೊಟ್ಟಿ ಬಡ್ಯಾಕ ಕಳಸ್ರಿ."

"ಅವರು ಬಾಗಿದ್ದನ್ನ ಅಳೀತಾರ ನಿಂಬಿ, ನೀ ಬರೇ ಕಣ್ಣಾಗ ನೋಡ್ತಿ."

"ನಾ ತಿಂದೂ ನೋಡ್ತೀನಿ," ಅಂದಳು ನಿಂಬೆವ್ವ.

ಮಳೆಗಾಲ ಕಳೆಯಿತು. ಗೆರೆಯಿಂದ ಬಿಚ್ಚಿಕೊಂಡ ಸಮೀಕರಣ ಬಹಳ ಕಡೆ ಸವಳು ಬಿರುಸಾಗಿ ಬರುತ್ತಿದೆಯೆಂದೇ ಹೇಳಿತು. ಆದರೆ ಬಾವಿಗೆ ನೇರ ಎದುರಿಗೆ, ಇಪ್ಪತ್ತೊಂಬತ್ತನೆಯ ಗೂಟದಿಂದ ಮೂವತ್ತೈದರ ತನಕ, ಅಂಚು ಊರಿನತ್ತ ಬಾರದೆ ನೂರು ಹೆಜ್ಜೆ ಅಗಲಕ್ಕೆ ಹಿಂದಕ್ಕೆ ಸರಿದು ನಿಂತಿತ್ತು. ಅಲ್ಲಿ ಸಮೀಕರಣದ ಮೂರನೆಯ ಭಾಗ ಉಪ್ಪನ್ನು ತಿನ್ನುತ್ತಿತ್ತು. ಇಂದುಮತಿ ಎರಡು ದಿನ ಪರದೆಯ ಮುಂದಿನಿಂದ ಏಳಲಿಲ್ಲ.

"ಅಲ್ಲಿ ಯಾರಾದ್ರೂ ಏನಾದ್ರೂ ಮಾಡ್ತಾರಾ, ಫಕೀರಪ್ಪನವರೇ? ಬಸಿಗಾಲುವೆ ತೆಗೆದಿದ್ದಾರಾ, ಗೊಬ್ಬರ ಹಾಕ್ತಾರಾ?"

"ಇಲ್ರಿ ಅಕ್ಕಾರ. ಹಾಳು ಹೊಲ ಅದು. ಯಾರೂ ಏನೂ ಮಾಡೂದಿಲ್ಲ."

ಅವನು ಬರೆದಿಡುತ್ತಿದ್ದ ಗೂಟದ ಲೆಕ್ಕದ ಪುಸ್ತಕದಲ್ಲೂ ಹಾಗೇ ಇತ್ತು. 'ಮನುಷ್ಯರ ಕೈವಾಡ' ಎಂಬ ಅಂಕಣದಲ್ಲಿ ಹದಿನಾರು ವರ್ಷವೂ 'ಇಲ್ಲ'. ಅವನು ಸುಳ್ಳು ಬರೆದಿರಲಿಲ್ಲ, ಸುಳ್ಳು ಹೇಳಲೂ ಇಲ್ಲ. ಮೂವತ್ತೆರಡನೆಯ ಗೂಟದ ಎಡಬಲಕ್ಕೆ ಚಳಿಗಾಲದ ಬೆಳಗಿನಲ್ಲಿ ಮಡಿವಾಳರ ಸಕ್ರೆವ್ವ ಬುಟ್ಟಿ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತು ಸವಳು ಮಣ್ಣು ಕೆರೆಯುವುದನ್ನು ಅವನು ನೋಡದ ವರ್ಷವಿಲ್ಲ. ಎಲ್ಲ ಮನೆಗೂ ಒಗೆಯುವ ಯಂತ್ರ ಬಂದಿತ್ತು. ಆದರೂ ಬಾಣಂತಿಯ ಸೀರೆ, ಸೂತಕದ ಬಟ್ಟೆ, ಮದುವೆಯಲ್ಲಿ ಹಾಸುವ ಬಿಳಿಯ ಮಡಿ, ಇವು ಸಕ್ರೆವ್ವನ ಕೈಯಲ್ಲಿ, ಸವಳಿನಲ್ಲಿ ಬೆಂದು ಬರಬೇಕು. ಸುತ್ತಲಿನ ಎತ್ತಿದ ಊರುಗಳವರೂ ಬಟ್ಟೆಯ ಗಂಟು ಕಳಿಸುತ್ತಿದ್ದರು. ಅದಕ್ಕೆ ಬೇಕಾದ ಮಣ್ಣನ್ನು ಯಾರ ಹೊಲದಿಂದಲಾದರೂ ತೆಗೆಯುವುದು ಅವಳ ಮನೆತನದ ಆಯ, ತಲೆತಲಾಂತರದ ಹಕ್ಕು. ಆಯ ಒಯ್ಯುವವರನ್ನು ಎಷ್ಟು ಒಯ್ದೆ, ಯಾಕೆ ಒಯ್ದೆ ಎಂದು ಕೇಳಬಾರದು, ನೋಡಿದರೂ ನೋಡಲಿಲ್ಲವೆನ್ನಬೇಕು. ಅದು ಊರಿನ ಮರ್ಯಾದೆ. ಗಾಳಿ ಬೀಸಿದ್ದನ್ನು, ಇಬ್ಬನಿ ಬಿದ್ದದ್ದನ್ನು ಕೈವಾಡವೆಂದು ಯಾರಾದರೂ ಬರೆಯುತ್ತಾರೆಯೆ?

ಇಂದುಮತಿ ಕೊನೆಗೆ ನೆಲದಡಿ ಮರಳಿನ ಪದರ ಇರಬೇಕು, ಉಪ್ಪು ಅದರಲ್ಲಿ ಇಳಿದುಹೋಗುತ್ತಿರಬೇಕು ಎಂದು ತೀರ್ಮಾನಿಸಿದಳು. ಬಾವಿ ಒಂಬತ್ತು ವರ್ಷ ಉಳಿಯುತ್ತದೆ ಎಂದು ಮಂಡಳಿಗೆ ವರದಿ ಹೋಯಿತು. ಎತ್ತುವ ಊರುಗಳ ಪಟ್ಟಿಯಲ್ಲಿ ಎರಿಹಾಳ ಕೆಳಗಿಳಿಯಿತು. ಅಂದು ಓಣಿಓಣಿಯಲ್ಲಿ ಹೋಳಿಗೆ ಬೆಂದವು.

ದೀಪಾವಳಿ ಕಳೆದು ಚಳಿ ಹತ್ತಿತು. ಒಂದು ಬೆಳಿಗ್ಗೆ ಸಕ್ರೆವ್ವ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಎಂಬತ್ತು ದಾಟಿದ ಜೀವ. ಆಸ್ಪತ್ರೆಯಿಂದ ಬಂದವಳು ಹೊರಸು ಹಿಡಿದಳು.

ಮುಂದಿನ ಸಲ ಗೂಟ ಊರುವಾಗ ಮೂವತ್ತೆರಡರ ಹತ್ತಿರ ಫಕೀರಪ್ಪನ ಕಾಲು ಕುಸಿಯಿತು. ಅವನು ನಿಂತ. ಹಿಂದಕ್ಕೆ ಬಂದು ಮತ್ತೆ ಇಟ್ಟುನೋಡಿದ. ಅಂಚು ಮೂರು ಹೆಜ್ಜೆ ಮುಂದೆ ಬಂದಿತ್ತು. ಅದರ ಮುಂದಿನ ಸಲ ಇನ್ನೂ ನಾಲ್ಕು ಹೆಜ್ಜೆ. ಸಕ್ರೆವ್ವ ಕೂರುತ್ತಿದ್ದ ಜಾಗದತ್ತ ತಿರುಗಿ ನೋಡಿದ. ಕೆಳಗೆ ಮರಳೂ ಇಲ್ಲ, ಮಣ್ಣೂ ಇಲ್ಲ. ಹದಿನಾರು ವರ್ಷ ಉಪ್ಪನ್ನು ತಿಂದದ್ದು ಒಂದು ಮುದುಕಿಯ ಬುಟ್ಟಿ.

ಹೇಳಿದರೆ ಊರು ಪಟ್ಟಿಯ ಮೇಲಕ್ಕೆ ಏರುತ್ತದೆ. ಹೇಳದಿದ್ದರೆ ಉಪ್ಪೇ ಬಂದು ಹೇಳುತ್ತದೆ.

ಗೂಟಕ್ಕೆ ಸುಳ್ಳು ಹೇಳಿಸಲು ಅವನಿಗೆ ಮನಸ್ಸಾಗಲಿಲ್ಲ. ಅದರ ಬದಲು ಇನ್ನೊಂದು ದಾರಿ ಹಿಡಿದ. ಕೋಳಿ ಕೂಗುವ ಹೊತ್ತಿಗೆ ಸಲಿಕೆ ಬುಟ್ಟಿ ಹಿಡಿದು ಹೋಗಿ, ಅಂಚು ಹಿಂದೆ ಸರಿದು ನಿಂತಿದ್ದ ನಟ್ಟನಡುವೆ ಗೇಣುದ್ದ ಅಗೆದು ಮಣ್ಣು ಹೊರತೊಡಗಿದ. ಹದಿನೈದು ದಿನ ಹೊತ್ತ. ಬೆರಳ ಸಂದು ಸೀಳಿ ರಕ್ತ ಬಂತು. ನಿಂಬೆವ್ವ ಮೊದಲು ಕೇಳಲಿಲ್ಲ. ಬೆಣ್ಣೆ ಕಾಸಿ ತುಪ್ಪದ ಚರಟ ತಂದು, ಅವನ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳಿಗೆ ಹಚ್ಚಿದಳು. ಆಮೇಲೆ ಅಂದಳು:

"ಬ್ಯಾಳಿ ಬೇಯವಲ್ದು. ಎರಡು ತಾಸು ಕುದಿಸಿದ್ರೂ ಕಾಳು ಕಾಳಾಗೇ ಉಳ್ಯಾಕತ್ತಾವ. ಸವಳು ಮುಟ್ಟೂ ಮೊದಲ ಬಾವಿ ನೀರು ಕೆಡಾಕತ್ತೈತಿ, ಹೌದಿಲ್ಲೋ?"

ಅವನು ಎಲ್ಲ ಹೇಳಿದ. ನಿಂಬೆವ್ವ ಕೇಳಿಸಿಕೊಂಡು ನಕ್ಕಳೋ ನಿಟ್ಟುಸಿರಿಟ್ಟಳೋ ತಿಳಿಯಲಿಲ್ಲ.

"ನಿಮ್ಮ ಬುದ್ಧಿಗೆ ಏನನ್ಲಿ? ಆಕಿ ಕೆಲಸ ನೀವು ಮಾಡಾಕ ಹೋಗೀರಿ, ಆಕೀನ ಒಂದ್ಮಾತು ಕೇಳೀರೇನು? ಎಂಬತ್ತು ವರ್ಷದ ಕೈಗೆ ಗೊತ್ತಿದ್ದದ್ದು ಸಲಿಕಿಗೆ ಗೊತ್ತಾಗ್ತೈತೇನು?"

"ಆಯದ ಮಾತು ಹೆಂಗ ಕೇಳೂದ ನಿಂಬಿ?"

"ಬಾಯೀಲೆ ಕೇಳ್ರಿ."

ಆದರೆ ಅದಕ್ಕೂ ಮೊದಲು, ಮರುದಿನ ಬೆಳಿಗ್ಗೆ, ಗುಂಡಿಯಲ್ಲಿ ಮೊಣಕಾಲುದ್ದ ನಿಂತಿದ್ದ ಅವನ ಎದುರಿಗೆ ಇಂದುಮತಿ ಬಂದು ನಿಂತಳು. ಪರದೆಯ ಮೇಲೆ ಗೆರೆ ಹುಚ್ಚುಚ್ಚಾಗಿ ಮುರಿದದ್ದು ಕಂಡು ನೋಡಲು ಬಂದಿದ್ದಳು. ಸಲಿಕೆ ನೋಡಿದಳು, ಬುಟ್ಟಿ ನೋಡಿದಳು.

"ಇದೇನು ಫಕೀರಪ್ಪನವರೇ?"

ಅವನು ಸಲಿಕೆ ಕೆಳಗಿಟ್ಟ. ಸಕ್ರೆವ್ವನ ಬುಟ್ಟಿ, ಆಯ, ಹದಿನಾರು ವರ್ಷದ 'ಇಲ್ಲ', ಒಂದನ್ನೂ ಮುಚ್ಚಿಡದೆ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ.

"ನಾನು ಕೇಳಿದೆ ನಿಮ್ಮನ್ನ," ಅಂದಳು ಇಂದುಮತಿ. "ಯಾರಾದ್ರೂ ಏನಾದ್ರೂ ಮಾಡ್ತಾರಾ ಅಂತ ಕೇಳಿದೆ. ನಾನು ಮರಳು ಅಂತ ಬರೆದೆ. ಇಲ್ಲದ ಮರಳು! ಒಂಬತ್ತು ವರ್ಷ ಅಂತ ನಂಬಿ ಜನ ಮನೆಗೆ ಸುಣ್ಣ ಬಳಿದುಕೊಂಡ್ರು."

"ಆಕೀನ ಯಾರಾದ್ರೂ ಅಂತ ನಾ ಎಣಿಸಿರಲಿಲ್ರಿ ಅಕ್ಕಾರ. ತಪ್ಪು ನಂದು."

ಅವಳು ಗುಂಡಿಯ ಅಂಚಿನಲ್ಲಿ ಕೂತು ಕೈಯಿಂದ ಅದರ ಆಳ ಅಳೆದಳು. ಕೊನೆಗೆ ಕೇಳಿದಳು: "ಅವರು ಇಷ್ಟು ಆಳ ಅಗೀತಿದ್ರಾ?"

"ಇಲ್ರಿ. ಬರೇ ಮ್ಯಾಲಿಂದ, ಹೆಂಚಿನ ಬಿಲ್ಲೀಲೆ ಕೆರೀತಿದ್ಲು."

"ನಡೀರಿ ಅವರ ಹತ್ರ."

ಸಕ್ರೆವ್ವ ಬಾಗಿಲ ಬಿಸಿಲಿಗೆ ಹೊರಸು ಹಾಕಿಸಿಕೊಂಡು ಮಲಗಿದ್ದಳು. ಫಕೀರಪ್ಪನ ಕೈ ಹಿಡಿದು ಮಗುಚಿ ನೋಡಿ ಮೊದಲು ಬೈದಳು.

"ಯಪ್ಪಾ ಫಕೀರ, ಯಾರೋ ನಿನಗ ಸವಳ ಅಗಿ ಅಂತ ಹೇಳಿದವ್ರು? ಕಬ್ಬಿನ ಗಡ್ಡಿ ಕಿತ್ತಂಗ ಕಿತ್ತಿಯೇನು? ಆಳಕ್ಕ ಹ್ವಾದಷ್ಟೂ ಕೆಳಗಿನ ನೀರು ಮ್ಯಾಲ ಬರತೈತಿ, ಹಿಂದಿಂದ ಉಪ್ಪನೂ ಕರಕೊಂಡ ಬರತೈತಿ."

"ಹಂಗಾರ ಎಲ್ಲಿ ಕೆರೀಬೇಕು ಚಿಗವ್ವಾ?"

ಕೇಳಿಯೇಬಿಟ್ಟಿದ್ದ. ಮುದುಕಿ ಅವನ ಮುಖವನ್ನೇ ನೋಡಿದಳು. ಜೀವಮಾನದಲ್ಲಿ ಅವಳನ್ನು ಯಾರೂ ಕೇಳದಿದ್ದ ಮಾತು ಅದು.

"ಮೂಗಿನ ಮ್ಯಾಲ," ಅಂದಳು ನಿಧಾನಕ್ಕೆ. "ಸವಳು ಬರೂದು ನೆಟ್ಟಗ ಬರಂಗಿಲ್ಲೋ ತಮ್ಮಾ. ಮೂಗು ತೂರಿಸಿಕೋತ ಬರತೈತಿ, ಕಳ್ಳ ಬೆಕ್ಕು ಬಂದಂಗ. ಆ ಮೂಗಿನ್ಯಾಗ ಉಪ್ಪು ಹಿಂಜಿದ ಹತ್ತಿಯಂಗ ಮೆತ್ತಗ ಇರತೈತಿ, ಕೈಗೆ ಹಗುರ. ಬಗಲ ಸಂದಿನ್ಯಾಗ, ಒಳಗ ಸರದದ್ದರಾಗ, ಕಲ್ಲಿನಂಗ ಇರತೈತಿ, ಕೈ ಸುಡತೈತಿ. ನೀ ಅಗದದ್ದು ಬಗಲಾಗ. ಎರಡೂ ಕಡಿ ಮೂಗು ಬೆಳಕೋತ ಹ್ವಾದವು."

ಇಂದುಮತಿ ಹೊರಸಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಚೀಲದಿಂದ ಕಾಗದ ತೆಗೆದು ಗೆರೆ ಬರೆದು ತೋರಿಸಿದಳು. "ಇಲ್ಲೇನಾ ಅಜ್ಜಿ? ಹೊರಗೆ ಉಬ್ಬಿದಲ್ಲಿ?"

"ಹೂಂ, ಅದ. ಯಾವಾಗ ಅಂತ ಕೇಳವಲ್ಲಿ? ಮಂಜು ಬಿದ್ದ ಬೆಳಗ, ಬಿಸಲು ಏರೂ ಮೊದಲ. ಆಮ್ಯಾಲ ಉಪ್ಪು ಮಣ್ಣಿಗೆ ಅಂಟಕೊಂಡ ಬಿಡತೈತಿ."

ದಾರಿಯುದ್ದಕ್ಕೂ ಇಂದುಮತಿ ತನ್ನಲ್ಲೇ ಮಾತಾಡಿಕೊಳ್ಳುತ್ತಿದ್ದಳು. ಹೊರಗೆ ಉಬ್ಬಿದ ಕಡೆ ಉಪ್ಪು ಮೂರೂ ದಿಕ್ಕಿಗೆ ಹರಡಿ ತೆಳುವಾಗಿರುತ್ತದೆ. ಅಲ್ಲಿ ತೆಗೆದ ಒಂದು ಬುಟ್ಟಿ ಬೇರೆ ಕಡೆಯ ಹತ್ತಕ್ಕೆ ಸಮ. ಬಾಗಿನ ಸಮೀಕರಣ ಅದನ್ನೇ ಹೇಳುತ್ತಿತ್ತು, ತಾನು ಓದಿರಲಿಲ್ಲ. ಕೇಂದ್ರಕ್ಕೆ ಹೋಗಿ, ಮೂರನೆಯ ಭಾಗದಿಂದ ಮರಳನ್ನು ತೆಗೆದುಹಾಕಿ ಅಲ್ಲಿ ಬುಟ್ಟಿಗಳನ್ನು ಇಟ್ಟು ಲೆಕ್ಕ ನಡೆಸಿದಳು. ಬುಟ್ಟಿ ಇಲ್ಲದಿದ್ದರೆ ಸವಳು ಎಂಟು ತಿಂಗಳಿಗೆ ಬಾವಿಯನ್ನು ಮುಟ್ಟುತ್ತಿತ್ತು. ನಲವತ್ತು ಕೈ, ವಾರಕ್ಕೆ ಎರಡು ಬೆಳಗು, ಸರಿಯಾದ ಮೂಗುಗಳ ಮೇಲೆ ಕೂತರೆ ಗೆರೆ ನಿಲ್ಲುತ್ತಿತ್ತು.

ನಲವತ್ತು ಕೈ ಸಿಗುವುದು ಕಷ್ಟವಿರಲಿಲ್ಲ. ಕಷ್ಟ ಬೇರೆ ಇತ್ತು. ಚಾವಡಿಯಲ್ಲಿ ಹಿರಿಯರು ತಲೆ ಕೆರೆದುಕೊಂಡರು: ಸವಳು ತೆಗೆಯುವುದು ಸಕ್ರೆವ್ವನ ಆಯ. ಅವಳ ಆಯಕ್ಕೆ ಇನ್ನೊಬ್ಬರು ಕೈ ಹಾಕುವುದು ಹೇಗೆ? ಕೊನೆಗೆ ಊರೇ ಅವಳ ಬಾಗಿಲಿಗೆ ಬಂತು. ಮಾತು ಆಡಬೇಕಾದವನು ಫಕೀರಪ್ಪ.

"ಚಿಗವ್ವಾ, ನಿನ್ನ ಆಯ ಊರಿಗೆ ಬಿಟ್ಟುಕೊಡು."

"ಬಿಡಂಗಿಲ್ಲ," ಅಂದಳು ಸಕ್ರೆವ್ವ.

ಜನ ಒಬ್ಬರ ಮುಖ ಒಬ್ಬರು ನೋಡಿದರು.

"ನಮ್ಮತ್ತಿ ಸಾಯೂಮುಂದ ನನ್ನ ಕೈಯಾಗ ಕೊಟ್ಟ ಹೋಗ್ಯಾಳ. ಬಿಡಂಗಿಲ್ಲಂದ್ರ ಬಿಡಂಗಿಲ್ಲ. ನೀವು ಕೆರೀರಿ. ಆದ್ರ ಅದು ನನ್ನ ಕೆಲಸ, ನೀವು ನನ್ನ ಕೈಯಾಗಿನ ಮಂದಿ. ನಾ ಹೇಳಿದಲ್ಲಿ ಕೂಡಬೇಕು, ನಾ ಏಳ್ರಿ ಅಂದಾಗ ಏಳಬೇಕು. ಗೌಡನಾದ್ರೂ ಅಷ್ಟ, ಯಾರಾದ್ರೂ ಅಷ್ಟ."

"ಒಪ್ಪಿದ್ವಿ ಬಿಡವಾ," ಅಂದ ಹಿರಿಯ ಗೌಡ. ಗುಂಪಿನ ಹಿಂದಿನಿಂದ ನಿಂಬೆವ್ವ ಕೂಗಿದಳು: "ನಮ್ಮನಿಯವರನ್ನ ಕಣ್ಣ ಮುಂದ ಇಟಗೋ ಚಿಗವ್ವಾ, ಬಿಟ್ರ ಬಗಲಾಗ ಅಗೀತಾರ!" ಊರೆಲ್ಲ ನಕ್ಕಿತು. ಫಕೀರಪ್ಪನೂ ನಕ್ಕ.

ಇಂದುಮತಿ ತನ್ನ ಹಳೆಯ ವರದಿ ತಪ್ಪೆಂದು ತಾನೇ ಮಂಡಳಿಗೆ ಬರೆದಳು. ಮೂರನೆಯ ದಿನ ಗೋಡೆಯ ಪರದೆಯ ಮೇಲೆ ಮಂಡಳಿಯ ಅಧಿಕಾರಿಯ ಮುಖ ಮೂಡಿತು. ಫಕೀರಪ್ಪ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ.

"ಎಂಟು ತಿಂಗಳು ಅಂತ ನೀವೇ ಬರೆದಿದ್ದೀರಿ. ನಿಯಮದ ಪ್ರಕಾರ ಊರು ಎತ್ತಬೇಕಲ್ಲ?"

"ಎಂಟು ತಿಂಗಳು ಅಂದಿದ್ದು ಜನ ಇಲ್ಲದ ನೆಲಕ್ಕೆ, ಸಾರ್. ಊರು ಎತ್ತಿದ್ರೆ ಆ ಎಂಟು ತಿಂಗಳು ನಿಜವಾಗುತ್ತೆ. ಜನ ಇದ್ರೆ ಸುಳ್ಳಾಗುತ್ತೆ."

"ಜನರನ್ನ ಸಮೀಕರಣದಲ್ಲಿ ಸೇರಿಸೋಕಾಗುತ್ತೇನ್ರೀ?"

"ನಾನು ಸೇರಿಸ್ಲಿಲ್ಲ. ಅವರು ಮೊದಲಿಂದ್ಲೂ ಅದರೊಳಗೇ ಇದ್ರು. ನನಗೆ ಕಂಡಿರ್ಲಿಲ್ಲ." ಮತ್ತೆ ಅಂದಳು: "ಎತ್ತಿದ ಇಪ್ಪತ್ತಮೂರು ಊರಲ್ಲಿ ಯಾರ್ಯಾರು ಏನೇನು ಮಾಡ್ತಿದ್ರೋ, ಅದನ್ನೂ ನಾವು ಯಾರೂ ಕೇಳ್ಲಿಲ್ಲ ಸಾರ್."

ಅಧಿಕಾರಿ ವರದಿಯ ಹಾಳೆ ತಿರುವಿಹಾಕಿದ. ಯುಗಾದಿಯ ತನಕ ನೋಡೋಣ, ಗೂಟಗಳು ಏನು ಹೇಳುತ್ತವೋ ನೋಡಿ ತೀರ್ಮಾನಿಸೋಣ ಎಂದ.

ಆ ಚಳಿಗಾಲ ಎರಿಹಾಳದವರು ಬೆಳಗಿನ ನಿದ್ದೆ ಮರೆತರು. ಚಕ್ಕಡಿಯಲ್ಲಿ ಹುಲ್ಲು ಹಾಸಿ, ಸಕ್ರೆವ್ವನನ್ನು ಹೊರಸಿನ ಸಮೇತ ಅಂಚಿನ ಹತ್ತಿರ ತಂದು ನಿಲ್ಲಿಸುತ್ತಿದ್ದರು. ಇಂದುಮತಿ ಪರದೆ ನೋಡಿ ಬಂದು "ಇವತ್ತು ಹದಿನೆಂಟು, ನಲವತ್ತೊಂದು" ಎನ್ನುವಳು. ಮುದುಕಿ ಕಣ್ಣು ಕಿರಿದಾಗಿಸಿ ನೋಡಿ, "ನಲವತ್ತೊಂದು ಖರೆ. ಹದಿನೆಂಟ್ರಾಗ ಇನ್ನೂ ಅರಳಿಲ್ಲ, ಮಂಗಳವಾರ ಬರ್ರಿ" ಎನ್ನುವಳು. ಹೆಚ್ಚಿನ ಸಲ ಮುದುಕಿಯ ಮಾತೇ ಸರಿಯಾಗುತ್ತಿತ್ತು. ಕೆರೆದ ಸವಳು ಊರಾಚೆಯ ಹಳೆಯ ಕಲ್ಲಿನ ಕ್ವಾರಿ ಸೇರುತ್ತಿತ್ತು. ಮೊದಲ ತಿಂಗಳು ಗೆರೆ ಐದು ಹೆಜ್ಜೆ ಮುಂದೆ ಬಂತು. ಎರಡನೆಯ ತಿಂಗಳು ಒಂದು. ಮೂರನೆಯ ತಿಂಗಳು ಫಕೀರಪ್ಪ ಎಪ್ಪತ್ತು ಗೂಟಗಳಲ್ಲಿ ಅರವತ್ತನ್ನು ಕಿತ್ತು, ಅದೇ ತೂತಿನಲ್ಲಿ ತಿರುಗಿ ಊರಿದ.

ಯುಗಾದಿಗೆ ನಾಲ್ಕು ದಿನ ಮೊದಲು, ಮಂಜು ಕವಿದ ಒಂದು ಬೆಳಿಗ್ಗೆ, ಇಂದುಮತಿ ಕೇಂದ್ರದ ಕಡೆಯಿಂದ ಸೆರಗು ಹಾರಿಸಿಕೊಂಡು ಓಡಿಬಂದಳು. ಉಸಿರು ಕಟ್ಟಿತ್ತು. ಊರು ಪಟ್ಟಿಯಿಂದ ಹೊರಗೆ ಬಿತ್ತು, ಅಂದಳು. ವರ್ಷ ವರ್ಷ ನೋಡುತ್ತಾರೆ. ಆದರೆ ಈ ವರ್ಷ ಎತ್ತುವುದಿಲ್ಲ.

ಬುಟ್ಟಿ ಬಿಟ್ಟು ಜನ ಎದ್ದರು. ಯಾರೋ ಶಿಳ್ಳೆ ಹಾಕಿದರು. ನಿಂಬೆವ್ವ ಇಂದುಮತಿಯ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದಳು. ಅವಳ ಕೈಯ ಸವಳು ಆ ಕೆನ್ನೆಗಳ ಮೇಲೆ ಬೆಳ್ಳಗೆ ಉಳಿಯಿತು. ಫಕೀರಪ್ಪನಿಗೆ ಕಣ್ಣು ಒರೆಸಿಕೊಳ್ಳಬೇಕೆನಿಸಿತು, ಉಪ್ಪಿನ ಕೈಯೆಂದು ಸುಮ್ಮನಾದ.

"ಏ, ಸುದ್ದಿ ಎಲ್ಲೂ ಓಡಿ ಹೋಗಂಗಿಲ್ಲ, ಸಂಜೀಗೆ ಕೇಳಿದ್ರ ನಡೀತೈತಿ," ಚಕ್ಕಡಿಯ ಮೇಲಿಂದ ಸಕ್ರೆವ್ವ ಗದರಿದಳು. "ಬಿಸಲು ಏರಾಕತ್ತೈತಿ. ಮೂಗು ಹಿಡೀರಿ ಮೊದಲ."

ನಗುತ್ತ, ಒಬ್ಬರನ್ನೊಬ್ಬರು ದೂಡುತ್ತ, ಎಲ್ಲರೂ ಮತ್ತೆ ಕುಕ್ಕರುಗಾಲಲ್ಲಿ ಕೂತರು. ಇಂದುಮತಿಯೂ ಒಂದು ಬುಟ್ಟಿ ಎಳೆದುಕೊಂಡು ಫಕೀರಪ್ಪನ ಪಕ್ಕದಲ್ಲಿ ಕೂತು, ಮಣ್ಣಿಗೆ ಕೈ ಹಾಕಿದಳು.

"ಅಲ್ಲಲ್ಲ ಅಕ್ಕಾರ," ಅಂದ ಅವನು, ಅವಳ ಮುಂಗೈಯನ್ನು ಮೆಲ್ಲಗೆ ಈಚೆಗೆ ಸರಿಸಿ. "ಹಿಂಗ, ಬರೇ ಮ್ಯಾಲಿಂದ."